ಬೀಜಧನವೂ ಅಮಾನತ್: ಗಡಿಯಾಚೆಯ ಪಾಲುದಾರಿಕೆಗೆ ಅರ್ಜಿ ಹಾಕುವ ಮೊದಲು



ವಾರ್ಷಿಕ ವರದಿಯ ಜೊತೆಗೆ ಒಂದು ಅಧ್ಯಯನ ಲೇಖನವನ್ನು ಕೊಡುವುದು ನಮ್ಮ ರೂಢಿ. ಈ ಬಾರಿಯ ವಿಷಯವನ್ನು ನಾವು ಹುಡುಕಿ ಆರಿಸಿದ್ದಲ್ಲ. ವರ್ಷದಲ್ಲಿ ನಡೆದ ಎರಡು ಸಂಗತಿಗಳು ಅದನ್ನು ನಮ್ಮ ಮುಂದೆ ತಂದಿಟ್ಟವು.

ಮೊದಲನೆಯದು, ನಾವು ಹಿಂದಿರುಗಿಸಿದ ಒಂದು ದೇಣಿಗೆ. ಅಣ್ಣ ಗಲ್ಫ್‌ನಲ್ಲಿ ದುಡಿಯುವವರು, ಭಾರತದ ಪಾಸ್‌ಪೋರ್ಟ್ ಉಳಿಸಿಕೊಂಡವರು. ತಮ್ಮ ಬೇರೊಂದು ದೇಶದಲ್ಲಿ ನೆಲೆಸಿ ಅಲ್ಲಿನ ಪೌರತ್ವ ಪಡೆದವರು. ಇಬ್ಬರೂ ತಾಯಿಯ ಹೆಸರಿನಲ್ಲಿ ವಿದ್ಯಾರ್ಥಿವೇತನಕ್ಕೆಂದು ಹಣ ಕೊಡಲು ಮುಂದಾದರು. ಅಣ್ಣನ ಪಾಲನ್ನು ಸ್ವೀಕರಿಸಿದೆವು, ತಮ್ಮನ ಪಾಲನ್ನು ಸ್ವೀಕರಿಸಲಾಗದು ಎಂದೆವು. "ಒಂದೇ ತಾಯಿಯ ಮಕ್ಕಳು ನಾವು. ನನ್ನ ಹಣ ನಿಮಗೆ ಆಗುತ್ತದೆ, ಅವನದು ಆಗುವುದಿಲ್ಲವೇ?" ಎಂದು ಅಣ್ಣ ನೊಂದು ಕೇಳಿದರು. ಆ ದಿನ ಫೋನಿನಲ್ಲಿ ನಾವು ಕೊಟ್ಟ ಉತ್ತರ ಸಾಕಾಗಲಿಲ್ಲ. ಈ ಲೇಖನದಲ್ಲಿ ಆ ಉತ್ತರವನ್ನು ಪೂರ್ಣಗೊಳಿಸಲು ಪ್ರಯತ್ನಿಸಿದ್ದೇವೆ.

ಎರಡನೆಯದು, ನಮ್ಮ ವಿದ್ಯಾರ್ಥಿವೇತನದಿಂದ ಎಂ.ಎಸ್ಸಿ. ಮುಗಿಸಿ ಈಗ ಕಾಲೇಜೊಂದರಲ್ಲಿ ಉಪನ್ಯಾಸಕಿಯಾಗಿರುವ ಮಗಳೊಬ್ಬಳ ಅರ್ಜಿ. ನದಿ ಸಮುದ್ರ ಸೇರುವಲ್ಲಿನ ಊರುಗಳ ತೆರೆದ ಬಾವಿಗಳಿಗೆ ಬೇಸಿಗೆಯಲ್ಲಿ ಉಪ್ಪುನೀರು ಹತ್ತುವುದನ್ನು ಆಕೆ ಅಧ್ಯಯನ ಮಾಡಬೇಕೆಂದಿದ್ದಳು. ಹೊರದೇಶದ ವಿಶ್ವವಿದ್ಯಾಲಯದ ಪ್ರಾಧ್ಯಾಪಕರೊಬ್ಬರ ಜೊತೆ ಸೇರಿ ಬೀಜಧನಕ್ಕೆ ಅರ್ಜಿ ಹಾಕಿದಳು. ಅರ್ಜಿ ತಿರಸ್ಕೃತವಾಯಿತು. ಅದು ಏಕೆ ತಿರಸ್ಕೃತವಾಯಿತು ಎಂದು ಆಕೆಯೊಂದಿಗೆ ಕುಳಿತು ಓದಿದಾಗ ನಮಗೂ ಬಹಳಷ್ಟು ತಿಳಿಯಿತು.

ಬೀಜಧನ ಎಂದರೇನು?

ಸೀಡ್ ಗ್ರಾಂಟ್ ಎಂಬುದನ್ನೇ ಇಲ್ಲಿ ಬೀಜಧನ ಎಂದಿದ್ದೇವೆ. ದೊಡ್ಡ ಕೆಲಸ ಶುರುವಾಗುವ ಮೊದಲು, ಅದು ಆಗಬಹುದೇ ಎಂದು ನೋಡಲು ಕೊಡುವ ಸಣ್ಣ ಮೊತ್ತ ಇದು. ಭತ್ತದ ಬೇಸಾಯ ಕಂಡವರಿಗೆ ಇದು ಹೊಸತಲ್ಲ. ಇಡೀ ಗದ್ದೆಗೆ ಒಮ್ಮೆಲೇ ಬೀಜ ಚೆಲ್ಲದೆ, ಒಂದು ಮೂಲೆಯ ಮಡಿಯಲ್ಲಿ ನೇಜಿ ಮಾಡುತ್ತೇವೆ. ಮೊಳಕೆ ಸರಿಯಾಗಿ ಬಂದರೆ ಕಿತ್ತು ಗದ್ದೆಯಲ್ಲಿ ನೆಡುತ್ತೇವೆ. ನೇಜಿಯ ಮಡಿಯಿಂದ ಯಾರೂ ಅಕ್ಕಿ ನಿರೀಕ್ಷಿಸುವುದಿಲ್ಲ. ಆದರೆ ನೇಜಿ ಕೆಟ್ಟರೆ ಆ ವರ್ಷದ ಬೆಳೆಯೇ ಕೆಟ್ಟಂತೆ.

ಎರಡು ದೇಶಗಳ ಸಂಸ್ಥೆಗಳು ಕೂಡಿ ಮಾಡುವ ಕೆಲಸದಲ್ಲಿ ಬೀಜಧನ ಪರೀಕ್ಷಿಸುವುದು ಮುಖ್ಯವಾಗಿ ಒಂದನ್ನೇ: ಈ ಇಬ್ಬರು ಒಟ್ಟಿಗೆ ಕೆಲಸ ಮಾಡಬಲ್ಲರೇ? ಒಬ್ಬರ ಮಾತು ಇನ್ನೊಬ್ಬರಿಗೆ ಅರ್ಥವಾಗುತ್ತದೆಯೇ, ಲೆಕ್ಕ ಹೊಂದುತ್ತದೆಯೇ, ಹೇಳಿದ ದಿನಕ್ಕೆ ಹೇಳಿದ ಕೆಲಸ ಮುಗಿಯುತ್ತದೆಯೇ? ಆದ್ದರಿಂದಲೇ ಇಂಥ ಹಣ ಸಾಮಾನ್ಯವಾಗಿ ಕಟ್ಟಡಕ್ಕೆ, ವಾಹನಕ್ಕೆ, ದುಬಾರಿ ಯಂತ್ರಕ್ಕೆ ಸಿಗುವುದಿಲ್ಲ. ಪರಸ್ಪರ ಭೇಟಿ, ಸಣ್ಣ ಸಮೀಕ್ಷೆ, ಪ್ರಾಯೋಗಿಕ ತರಬೇತಿ, ಮುಂದಿನ ದೊಡ್ಡ ಅರ್ಜಿಯ ತಯಾರಿ, ಇಂಥವಕ್ಕೆ ಸಿಗುತ್ತದೆ.

ಬೀಜಧನವನ್ನು ಬಹುಮಾನವೆಂದು ತಿಳಿದು ಅರ್ಜಿ ಹಾಕುವವರು ಮೊದಲ ಪುಟದಲ್ಲೇ ಎಡವುತ್ತಾರೆ. ಅದು ಬಹುಮಾನವಲ್ಲ. ಇನ್ನೊಬ್ಬರು ನಂಬಿ ನಮ್ಮ ಕೈಯಲ್ಲಿಟ್ಟ ಅಮಾನತ್.

ಮಂಗಳೂರಿನ ಹಳೆಯ ಪಾಲುದಾರಿಕೆ

ಕಡಲಾಚೆಯ ಪಾಲುದಾರಿಕೆ ನಮ್ಮ ಕರಾವಳಿಗೆ ಹೊಸದಲ್ಲ. 12ನೇ ಶತಮಾನದಲ್ಲಿ ಅಬ್ರಹಾಂ ಬೆನ್ ಯಿಜು ಎಂಬ ಯಹೂದಿ ವರ್ತಕ ಮಂಗಳೂರಿನಲ್ಲಿದ್ದ. ಅವನ ಮೂಲ ಇಂದಿನ ಟ್ಯುನೀಷಿಯಾದ ಮಹ್ದಿಯಾ. 1132ರ ಹೊತ್ತಿಗೆ ಇಲ್ಲಿದ್ದವನು 1149ರಲ್ಲಿ ಏಡನ್‌ಗೆ ಮರಳಿದ. ಏಡನ್ನಿನ ವರ್ತಕ ಮದ್ಮೂನ್ ಮತ್ತಿತರರು ಅವನ ಪಾಲುದಾರರು. ಅವರ ನಡುವಿನ ಪತ್ರಗಳು ಕೈರೋದ ಹಳೆಯ ಸಿನಗಾಗ್ ಒಂದರ ಕೋಣೆಯಲ್ಲಿ ಶತಮಾನಗಳ ಕಾಲ ಉಳಿದು ಬಂದವು. ಅಮಿತಾವ್ ಘೋಷ್ 1992ರಲ್ಲಿ ಪ್ರಕಟಿಸಿದ 'ಇನ್ ಆ್ಯನ್ ಆಂಟೀಕ್ ಲ್ಯಾಂಡ್' ಕೃತಿಯಿಂದ ಬೆನ್ ಯಿಜು ಮತ್ತು ಅವನ ಸಹಾಯಕ ಬೊಮ್ಮನ ಹೆಸರು ಹಲವರಿಗೆ ಪರಿಚಿತವಾಗಿದೆ.

ಆ ಪತ್ರಗಳಲ್ಲಿ ಹೆಚ್ಚಾಗಿ ಇರುವುದು ಲೆಕ್ಕ. ಮಂಗಳೂರಿನಿಂದ ಹೋದ ಮೆಣಸು, ಕಬ್ಬಿಣ, ಏಲಕ್ಕಿ ಎಷ್ಟು, ಏಡನ್ನಿನಲ್ಲಿ ಅದು ಎಷ್ಟಕ್ಕೆ ಮಾರಾಟವಾಯಿತು, ಸುಂಕ ಎಷ್ಟು ಹೋಯಿತು, ಉಳಿದದ್ದರಲ್ಲಿ ಏನು ಕೊಂಡು ಕಳಿಸಿದ್ದೇವೆ ಎಂಬ ವಿವರ. ಜೊತೆಗೆ ಕಾಗದ, ಸಕ್ಕರೆ, ಒಣದ್ರಾಕ್ಷಿಯಂಥ ಉಡುಗೊರೆಗಳ ಪಟ್ಟಿಯೂ ಇದೆ. ಏಲಕ್ಕಿಗೆ ಮುಂಗಡ ಪಡೆದ ಒಬ್ಬ ವ್ಯಾಪಾರಿ ಸರಕು ಕೊಡದೆ ಸತಾಯಿಸಿದ ದೂರೂ ಇದೆ. ಸರಕು ಸಾಗಿಸಿದ ಹಡಗುಗಳಲ್ಲಿ ಮುಸ್ಲಿಂ ನಾಖುದಾಗಳಿದ್ದರು. ಧರ್ಮ, ಭಾಷೆ, ದೇಶ ಬೇರೆಯಾದರೂ ಈ ಪಾಲುದಾರಿಕೆ ವರ್ಷಗಟ್ಟಲೆ ನಿಂತದ್ದು ಲೆಕ್ಕ ಕೊಡುವ ಅಭ್ಯಾಸದ ಮೇಲೆ. ನಷ್ಟವನ್ನೂ ಮುಚ್ಚಿಡದೆ ಬರೆದು ತಿಳಿಸುತ್ತಿದ್ದರು. ಇಂದಿನ ಅರ್ಜಿ ನಮೂನೆಗಳು ಪುಟಗಟ್ಟಲೆ ಕೇಳುವ ಪ್ರಶ್ನೆಗಳ ತಿರುಳೂ ಇದೇ.

ಒಂದು ಅಂಕಪಟ್ಟಿಯ ಪಾಠ

ಅರ್ಜಿಯನ್ನು ಓದುವವರು ಏನು ನೋಡುತ್ತಾರೆ ಎಂದು ತಿಳಿಯಲು ಯುರೋಪಿಯನ್ ಒಕ್ಕೂಟದ ಎರಾಸ್ಮಸ್ ಪ್ಲಸ್ ಕಾರ್ಯಕ್ರಮ ಒಳ್ಳೆಯ ಉದಾಹರಣೆ. 2021ರಿಂದ 2027ರ ಅವಧಿಯ ಈ ಕಾರ್ಯಕ್ರಮದಲ್ಲಿ 'ಸಣ್ಣ ಪ್ರಮಾಣದ ಪಾಲುದಾರಿಕೆ' ಎಂಬ ವಿಭಾಗವಿದೆ. ಹಿಂದೆ ಇಂಥ ಅನುದಾನ ಪಡೆಯದ ಚಿಕ್ಕ ಶಾಲೆ, ಸಂಘ, ಸಂಸ್ಥೆಗಳಿಗೆ ಬಾಗಿಲು ತೆರೆಯುವುದೇ ಇದರ ಉದ್ದೇಶ. ಕನಿಷ್ಠ ಎರಡು ದೇಶಗಳ ಎರಡು ಸಂಸ್ಥೆಗಳು ಇರಬೇಕು. ಅವಧಿ 6ರಿಂದ 24 ತಿಂಗಳು. ಮೊತ್ತದಲ್ಲಿ ಚೌಕಾಸಿ ಇಲ್ಲ: 30,000 ಯೂರೋ ಅಥವಾ 60,000 ಯೂರೋ, ಎರಡರಲ್ಲಿ ಒಂದನ್ನು ಆರಿಸಿಕೊಂಡು ಅಷ್ಟಕ್ಕೆ ತಕ್ಕ ಕೆಲಸ ತೋರಿಸಬೇಕು.

ಭಾರತದ ಸಂಸ್ಥೆಗಳು ಈ ವಿಭಾಗದಲ್ಲಿ ಭಾಗವಹಿಸುವಂತಿಲ್ಲ. ಅದು ಯುರೋಪಿನ ಮತ್ತು ಆ ಕಾರ್ಯಕ್ರಮಕ್ಕೆ ಸೇರಿದ ದೇಶಗಳಿಗೆ ಸೀಮಿತ. ಆದರೆ ಅದರ ಅಂಕ ಹಂಚಿಕೆ ಎಲ್ಲರಿಗೂ ಪಾಠ. ಒಟ್ಟು 100 ಅಂಕ. ಯೋಜನೆ ಎಷ್ಟು ಪ್ರಸ್ತುತ ಎಂಬುದಕ್ಕೆ 30. ಯೋಜನೆಯ ರೂಪ ಮತ್ತು ಜಾರಿಯ ಗುಣಮಟ್ಟಕ್ಕೆ 30. ಪಾಲುದಾರಿಕೆಯ ಗುಣಮಟ್ಟಕ್ಕೆ 20. ಪರಿಣಾಮಕ್ಕೆ 20. ಉತ್ತೀರ್ಣರಾಗಲು ಕನಿಷ್ಠ 60 ಅಂಕ ಬೇಕು. ಅಷ್ಟೇ ಸಾಲದು, ಪ್ರತಿಯೊಂದು ವಿಭಾಗದಲ್ಲೂ ಅರ್ಧದಷ್ಟು ಅಂಕ ಬರಲೇಬೇಕು.

ಈ ಕೊನೆಯ ನಿಯಮವನ್ನು ಗಮನಿಸಿ. ಯೋಜನೆ ಎಷ್ಟೇ ಪ್ರತಿಭಾಪೂರ್ಣವಾಗಿರಲಿ, ಪಾಲುದಾರಿಕೆಗೆ 20ರಲ್ಲಿ 9 ಬಂದರೆ ಅರ್ಜಿ ಅಲ್ಲಿಗೇ ಮುಗಿಯಿತು. ಗಣಿತದಲ್ಲಿ ನೂರಕ್ಕೆ ನೂರು ಪಡೆದ ವಿದ್ಯಾರ್ಥಿ ಭಾಷೆಯಲ್ಲಿ ಅನುತ್ತೀರ್ಣನಾದಂತೆ. ನಮ್ಮ ಉಪನ್ಯಾಸಕಿ ಅರ್ಜಿ ಹಾಕಿದ್ದು ಬೇರೆ ನಿಧಿಗೆ. ಆದರೆ ಆಕೆ ಸೋತದ್ದು ಇದೇ ಜಾಗದಲ್ಲಿ.

ಆ ಅರ್ಜಿಯಲ್ಲಿ ಏನು ಕೊರತೆಯಿತ್ತು?

ವಿಜ್ಞಾನದ ಭಾಗದಲ್ಲಿ ಕೊರತೆ ಇರಲಿಲ್ಲ. ನಾವು ಕಂಡ ಕೊರತೆಗಳು ಬೇರೆ. ಆಕೆಯ ಒಪ್ಪಿಗೆಯಿಂದಲೇ ಇಲ್ಲಿ ಬರೆಯುತ್ತಿದ್ದೇವೆ.

ಒಂದು, ಹೊರದೇಶದ ಪ್ರಾಧ್ಯಾಪಕರ ಬೆಂಬಲ ಪತ್ರ. "ಈ ಯೋಜನೆಗೆ ನಮ್ಮ ಪೂರ್ಣ ಬೆಂಬಲವಿದೆ" ಎಂದು ಎರಡು ಸಾಲು. ಅವರು ಏನು ಮಾಡುತ್ತಾರೆ, ಎಷ್ಟು ದಿನ ಕೊಡುತ್ತಾರೆ, ಯಾವ ಪ್ರಯೋಗಾಲಯ ಬಳಸುತ್ತಾರೆ ಎಂಬುದು ಒಂದೂ ಇಲ್ಲ. ಇಬ್ಬರ ಪರಿಚಯ ಒಂದು ವಿಚಾರ ಸಂಕಿರಣದಲ್ಲಿ ಆಗಿ, ಆಮೇಲೆ ಕೆಲವು ಇ-ಮೇಲ್‌ಗಳಲ್ಲಿ ನಿಂತಿತ್ತು.

ಎರಡು, ಖರ್ಚಿನ ಪಟ್ಟಿ. ಅರ್ಧಕ್ಕಿಂತ ಹೆಚ್ಚು ವಿಮಾನ ಪ್ರಯಾಣಕ್ಕೆ. ಬಾವಿಯ ನೀರು ಅಳೆಯುವ ಕೆಲಸಕ್ಕೆ ಉಳಿದದ್ದು ಅತಿ ಕಡಿಮೆ. ಓದುವವರಿಗೆ ಇದು ಪ್ರವಾಸದ ಅರ್ಜಿಯಂತೆ ಕಂಡಿದ್ದರೆ ತಪ್ಪಲ್ಲ.

ಮೂರು, ಬಾವಿಯ ಮನೆಯವರ ಮಾತೇ ಅರ್ಜಿಯಲ್ಲಿ ಇರಲಿಲ್ಲ. ಯಾವ ತಿಂಗಳಲ್ಲಿ ನೀರು ಕೆಡುತ್ತದೆ, ಆಗ ಅವರು ಎಲ್ಲಿಂದ ನೀರು ತರುತ್ತಾರೆ, ಹೊರುವವರು ಯಾರು ಎಂದು ಯಾರನ್ನೂ ಕೇಳಿರಲಿಲ್ಲ. ಆಕೆಯ ಸ್ವಂತ ತಾಯಿಯ ಮನೆಯ ಬಾವಿಯೂ ಅಂಥದ್ದೇ. ಬಾಲ್ಯದಲ್ಲಿ ಆಕೆಯೂ ಕೊಡ ಹೊತ್ತವಳು. ಆದರೆ ಅರ್ಜಿಯಲ್ಲಿ ಅದನ್ನು ಬರೆಯುವುದು ಸಣ್ಣತನವೆಂದು ಭಾವಿಸಿದ್ದಳಂತೆ. ಅರ್ಜಿಯ ನಿಜವಾದ ಬಲ ಅಲ್ಲಿತ್ತು. ಅದನ್ನೇ ಆಕೆ ಹೊರಗಿಟ್ಟಿದ್ದಳು.

ತಿರಸ್ಕಾರದ ನಂತರ ಆಕೆ ಮಾಡಿದ ಕೆಲಸ ನಮಗೆ ಮೆಚ್ಚುಗೆಯಾಯಿತು. ಬೇರೆ ಹಣಕ್ಕೆ ಕಾಯದೆ, ನೀರಿನ ಲವಣಾಂಶ ಅಳೆಯುವ ಪುಟ್ಟ ಮಾಪಕವೊಂದನ್ನು ಇಟ್ಟುಕೊಂಡು, ತನ್ನ ವಿದ್ಯಾರ್ಥಿನಿಯರೊಂದಿಗೆ ಊರಿನ ಕೆಲವು ಬಾವಿಗಳ ನೀರನ್ನು ಚಳಿಗಾಲದಿಂದ ಮಳೆ ಬರುವವರೆಗೆ ವಾರವಾರವೂ ಅಳೆದು ಬರೆದಿಟ್ಟಳು. ಆ ಅಂಕಿಗಳನ್ನು ಪ್ರಾಧ್ಯಾಪಕರಿಗೆ ಕಳಿಸಿದಳು. ಈ ಬಾರಿ ಅವರಿಂದ ಎರಡು ಸಾಲಿನ ಉತ್ತರ ಬರಲಿಲ್ಲ, ಪ್ರಶ್ನೆಗಳ ಪಟ್ಟಿಯೇ ಬಂತು. ಪಾಲುದಾರಿಕೆ ಶುರುವಾದದ್ದು ಆ ದಿನ. ಎರಡನೇ ಅರ್ಜಿ ಈಗ ಪರಿಶೀಲನೆಯಲ್ಲಿದೆ. ಫಲಿತಾಂಶ ಏನೇ ಬಂದರೂ ಊರಿಗೆ ಒಂದು ಬೇಸಿಗೆಯ ಬಾವಿಲೆಕ್ಕ ಸಿಕ್ಕಿದೆ.

ನಮಗೆ ಯಾವ ಬಾಗಿಲುಗಳು?

ಕಾಲೇಜು, ವಿಶ್ವವಿದ್ಯಾಲಯಗಳಲ್ಲಿ ಇರುವ ನಮ್ಮ ಹಳೆಯ ವಿದ್ಯಾರ್ಥಿಗಳು ತಿಳಿದಿರಬೇಕಾದ ಕೆಲವನ್ನು ಹೇಳುತ್ತೇವೆ. ಪ್ರತಿ ಸುತ್ತಿನಲ್ಲೂ ನಿಯಮ ಬದಲಾಗುವುದರಿಂದ ಅರ್ಜಿಗೆ ಮೊದಲು ಆ ವರ್ಷದ ಪ್ರಕಟಣೆಯನ್ನು ಓದುವುದು ಕಡ್ಡಾಯ.

ಭಾರತ ಸರ್ಕಾರದ 'ಸ್ಪಾರ್ಕ್' ಯೋಜನೆ 2018ರಲ್ಲಿ ಆರಂಭವಾಯಿತು. ನಮ್ಮ ದೇಶದ ಉನ್ನತ ಸಂಸ್ಥೆಗಳು ಹೊರದೇಶದ ಸಂಸ್ಥೆಗಳೊಂದಿಗೆ ಜಂಟಿ ಸಂಶೋಧನೆ ಮಾಡಲು 418 ಕೋಟಿ ರೂಪಾಯಿ ವೆಚ್ಚದಲ್ಲಿ 600 ಪ್ರಸ್ತಾವಗಳಿಗೆ ನೆರವಾಗುವ ಗುರಿ ಅದಕ್ಕಿತ್ತು. ಸಮನ್ವಯದ ಹೊಣೆ ಐಐಟಿ ಖರಗ್‌ಪುರದ್ದು. ಆರಂಭದ ನಿಯಮದಂತೆ ಭಾರತದ ಸಂಸ್ಥೆ ಎನ್‌ಐಆರ್‌ಎಫ್ ಪಟ್ಟಿಯಲ್ಲಿ ಒಟ್ಟಾರೆ ಅಥವಾ ತನ್ನ ವರ್ಗದಲ್ಲಿ ಮೊದಲ 100ರೊಳಗೆ ಇರಬೇಕಿತ್ತು. ಚಿಕ್ಕ ಕಾಲೇಜಿನ ಉಪನ್ಯಾಸಕರಿಗೆ ಈ ಬಾಗಿಲು ಎತ್ತರವೆನಿಸಬಹುದು. ಸುರತ್ಕಲ್‌ನ ಎನ್‌ಐಟಿಕೆಯಂಥ ಸಂಸ್ಥೆಯ ಪ್ರಾಧ್ಯಾಪಕರ ತಂಡದ ಕೆಲಸದಲ್ಲಿ ಕೈಜೋಡಿಸಿ ಅನುಭವ ಪಡೆಯುವುದು ಅಂಥವರಿಗೆ ಒಂದು ದಾರಿ.

ಎರಡು ದೇಶಗಳ ಸರ್ಕಾರಗಳು ಸೇರಿ ನಡೆಸುವ ಸಂಸ್ಥೆಗಳೂ ಇವೆ. 1987ರಲ್ಲಿ ಸ್ಥಾಪನೆಯಾದ ಭಾರತ-ಫ್ರಾನ್ಸ್ ಸಂಶೋಧನಾ ಕೇಂದ್ರ, 2000ದಲ್ಲಿ ಸ್ಥಾಪನೆಯಾದ ಭಾರತ-ಅಮೆರಿಕ ವಿಜ್ಞಾನ ತಂತ್ರಜ್ಞಾನ ವೇದಿಕೆ ಇಂಥವು. ಕೆನಡಾದೊಂದಿಗಿನ ವಿದ್ವತ್ ವಿನಿಮಯಕ್ಕೆ 1968ರಿಂದ ಶಾಸ್ತ್ರಿ ಇಂಡೋ-ಕೆನೆಡಿಯನ್ ಸಂಸ್ಥೆ ಇದೆ. ಎರಾಸ್ಮಸ್ ಪ್ಲಸ್‌ನ ಇನ್ನೊಂದು ವಿಭಾಗವಾದ 'ಉನ್ನತ ಶಿಕ್ಷಣದಲ್ಲಿ ಸಾಮರ್ಥ್ಯವರ್ಧನೆ'ಯಲ್ಲಿ ಭಾರತದ ವಿಶ್ವವಿದ್ಯಾಲಯಗಳು ಪಾಲುದಾರರಾಗಬಹುದು. ಆದರೆ ಅದು ನೇಜಿಯ ಮಡಿಯಲ್ಲ, ದೊಡ್ಡ ಗದ್ದೆ.

ವಿಶ್ವವಿದ್ಯಾಲಯದ ಹೊರಗೆ ಸಮುದಾಯ ಸೇವೆಯಲ್ಲಿ ಇರುವವರಿಗೆ ರೋಟರಿ ಪ್ರತಿಷ್ಠಾನದ ಜಾಗತಿಕ ಅನುದಾನ ತಿಳಿದಿರುವುದು ಒಳ್ಳೆಯದು. ಕೆಲಸ ನಡೆಯುವ ದೇಶದ ರೋಟರಿ ಮತ್ತು ಬೇರೊಂದು ದೇಶದ ರೋಟರಿ ಜಂಟಿಯಾಗಿ ಅರ್ಜಿ ಹಾಕಬೇಕು. ಯೋಜನೆಯ ಕನಿಷ್ಠ ಗಾತ್ರ 30,000 ಡಾಲರ್. ಶಿಕ್ಷಣ, ನೀರು, ತಾಯಿ-ಮಗುವಿನ ಆರೋಗ್ಯ ಸೇರಿದಂತೆ ಏಳು ಕ್ಷೇತ್ರಗಳಿಗೆ ಇದು ಸೀಮಿತ. ಇದರ ಒಂದು ನಿಯಮ ನಮಗೆ ಬಹಳ ಹಿಡಿಸಿದೆ: ಊರಿನ ಜನರನ್ನು ಕೇಳಿ ಅವರ ಅಗತ್ಯವನ್ನು ಸಮೀಕ್ಷೆ ಮಾಡದೆ ಅರ್ಜಿ ಹಾಕುವಂತಿಲ್ಲ. ಬಾವಿಯ ಅರ್ಜಿಯಲ್ಲಿ ತಪ್ಪಿದ್ದೂ ಇದೇ ಹೆಜ್ಜೆ.

ಹಣ ಒಳಬರುವ ಬಾಗಿಲು, ಹೊರಹೋಗುವ ಬಾಗಿಲು

ಈಗ ಅಣ್ಣತಮ್ಮಂದಿರ ಪ್ರಶ್ನೆಗೆ ಬರುತ್ತೇವೆ. ಹೊರದೇಶದ ಹಣ ಭಾರತದ ಸಂಸ್ಥೆಗಳಿಗೆ ಬರುವುದು 2010ರ ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆಯ ಅಡಿಯಲ್ಲಿ. ಎಫ್‌ಸಿಆರ್‌ಎ ಎಂದು ಕರೆಯುವುದು ಇದನ್ನೇ. 2020ರ ತಿದ್ದುಪಡಿಯ ನಂತರ ಅದು ಇನ್ನಷ್ಟು ಬಿಗಿಯಾಗಿದೆ.

ಈ ಕಾನೂನು ನೋಡುವುದು ದಾನಿಯ ಪೌರತ್ವವನ್ನು. ಆತ ಎಲ್ಲಿ ವಾಸವಿದ್ದಾನೆ ಎಂಬುದನ್ನಲ್ಲ. ದುಬೈ, ರಿಯಾದ್, ದೋಹಾ, ಮಸ್ಕತ್ ಎಲ್ಲೇ ದುಡಿಯಲಿ, ಭಾರತದ ಪೌರರಾಗಿದ್ದು ತಮ್ಮ ಸ್ವಂತ ಉಳಿತಾಯದಿಂದ ಬ್ಯಾಂಕಿನ ಮೂಲಕ ಕಳಿಸಿದ ಹಣ ವಿದೇಶಿ ದೇಣಿಗೆಯಲ್ಲ. ಬೇರೆ ದೇಶದ ಪೌರತ್ವ ಪಡೆದವರು, ಒಸಿಐ ಕಾರ್ಡ್ ಇದ್ದರೂ, ವಿದೇಶಿ ಮೂಲ ಎನಿಸುತ್ತಾರೆ. ಅವರು ಊರಿಗೆ ಬಂದು ರೂಪಾಯಿಯಲ್ಲೇ ಕೊಟ್ಟರೂ ಅದು ವಿದೇಶಿ ದೇಣಿಗೆಯೇ. ನಮ್ಮ ಟ್ರಸ್ಟ್ ಎಫ್‌ಸಿಆರ್‌ಎ ನೋಂದಣಿ ಹೊಂದಿಲ್ಲ. ಹಾಗಾಗಿ ತಮ್ಮನ ಪಾಲನ್ನು ನಾವು ಪಡೆಯುವಂತಿರಲಿಲ್ಲ. ಅವರ ಹಣ ಹಲಾಲ್ ಅಲ್ಲವೆಂದಲ್ಲ, ಅವರ ಪ್ರೀತಿ ಕಡಿಮೆಯೆಂದೂ ಅಲ್ಲ. ನಿಯಮ ಮುರಿದು ಅದನ್ನು ಪಡೆದಿದ್ದರೆ ಟ್ರಸ್ಟ್ ಕಾನೂನಿನ ಮುಂದೆ ತಪ್ಪಿತಸ್ಥನಾಗಿ, ಈ ವರ್ಷ ಶುಲ್ಕಕ್ಕೆ ನಮ್ಮನ್ನೇ ನಂಬಿರುವ ಮಕ್ಕಳ ದಾರಿಗೆ ಅಡ್ಡಿ ಬರುತ್ತಿತ್ತು. ಒಂದು ಕುಟುಂಬದ ಮನಸ್ಸು ನೋಯಿಸಿದ್ದಕ್ಕೆ ನಾವು ಕ್ಷಮೆ ಕೋರುತ್ತೇವೆ. ನಿರ್ಧಾರಕ್ಕೆ ಮಾತ್ರ ಬದ್ಧರಾಗಿದ್ದೇವೆ.

ನೋಂದಣಿ ಏಕೆ ಮಾಡಿಸಬಾರದು ಎಂದು ಹಲವರು ಕೇಳಿದ್ದಾರೆ. ಅದರ ನಿಯಮಗಳು ಹೀಗಿವೆ. ಸಂಸ್ಥೆಗೆ ಕನಿಷ್ಠ ಮೂರು ವರ್ಷ ತುಂಬಿರಬೇಕು, ಹಿಂದಿನ ಮೂರು ಹಣಕಾಸು ವರ್ಷಗಳಲ್ಲಿ ತನ್ನ ಮುಖ್ಯ ಕೆಲಸಗಳಿಗೆ ಕನಿಷ್ಠ 15 ಲಕ್ಷ ರೂಪಾಯಿ ಖರ್ಚು ಮಾಡಿರಬೇಕು. ನೋಂದಣಿಯ ಅವಧಿ 5 ವರ್ಷ. ವಿದೇಶಿ ಹಣವನ್ನು ಮೊದಲು ಸ್ಟೇಟ್ ಬ್ಯಾಂಕಿನ ನವದೆಹಲಿ ಮುಖ್ಯ ಶಾಖೆಯ ಖಾತೆಯಲ್ಲೇ ಪಡೆಯಬೇಕು. ಆಡಳಿತ ವೆಚ್ಚ ಶೇ. 20 ಮೀರಬಾರದು. ಹಣಕಾಸು ವರ್ಷ ಮುಗಿದ 9 ತಿಂಗಳೊಳಗೆ ವಾರ್ಷಿಕ ವಿವರ ಸಲ್ಲಿಸಬೇಕು. ಆ ಹಣಕ್ಕೆ ಬಂದ ಬಡ್ಡಿಯೂ ವಿದೇಶಿ ದೇಣಿಗೆಯೆಂದೇ ಲೆಕ್ಕ. ಬ್ಯಾಂಕ್ ಬಡ್ಡಿಯನ್ನು ಪ್ರತ್ಯೇಕವಾಗಿಡುವ ನಮ್ಮಂಥ ಸಂಸ್ಥೆಗಳು ಇದನ್ನು ಮೊದಲೇ ಉಲೆಮಾಗಳೊಂದಿಗೂ ಲೆಕ್ಕಪರಿಶೋಧಕರೊಂದಿಗೂ ಚರ್ಚಿಸಬೇಕಾಗುತ್ತದೆ. ಪೂರ್ಣ ನೋಂದಣಿ ಇಲ್ಲದವರು ಒಂದು ನಿರ್ದಿಷ್ಟ ದಾನಿಯಿಂದ, ನಿರ್ದಿಷ್ಟ ಕೆಲಸಕ್ಕೆ, ನಿರ್ದಿಷ್ಟ ಮೊತ್ತ ಪಡೆಯಲು ಕೇಂದ್ರ ಗೃಹ ಸಚಿವಾಲಯದ ಪೂರ್ವಾನುಮತಿ ಕೇಳುವ ಅವಕಾಶವೂ ಇದೆ. ಬೀಜಧನದಂಥ ಒಂದು ಬಾರಿಯ ಹಣಕ್ಕೆ ಅದೇ ಹೆಚ್ಚು ಹೊಂದುತ್ತದೆ.

ಪಾಲುದಾರಿಕೆಗೆ ನೇರವಾಗಿ ತಟ್ಟುವ ಇನ್ನೊಂದು ನಿಯಮವಿದೆ. 2020ರಿಂದ ಒಂದು ಸಂಸ್ಥೆ ಪಡೆದ ವಿದೇಶಿ ಹಣವನ್ನು ಇನ್ನೊಂದು ಸಂಸ್ಥೆಗೆ ಹಂಚುವಂತಿಲ್ಲ. ಹಿಂದೆ ದೊಡ್ಡ ಸಂಸ್ಥೆಯೊಂದು ಹಣ ತಂದು ಊರಿನ ಸಣ್ಣ ಸಂಘಗಳಿಗೆ ಹಂಚುತ್ತಿತ್ತು. ಈಗ ಅದು ಸಾಧ್ಯವಿಲ್ಲ. "ದೊಡ್ಡವರ ಖಾತೆಗೆ ಹಾಕಿಸಿ ನಾವು ಪಡೆಯುತ್ತೇವೆ" ಎಂದು ಯಾರಾದರೂ ಸಲಹೆ ಕೊಟ್ಟರೆ ದಯವಿಟ್ಟು ಕೇಳಬೇಡಿ. ಕಾಯ್ದೆಯ ಮೂಲಕ ಸ್ಥಾಪಿತವಾಗಿ ಸಿಎಜಿ ಲೆಕ್ಕಪರಿಶೋಧನೆಗೆ ಒಳಪಡುವ ಸಂಸ್ಥೆಗಳಿಗೆ ಎಫ್‌ಸಿಆರ್‌ಎಯಿಂದ ವಿನಾಯಿತಿ ಇದೆ. ಆದ್ದರಿಂದ ಉಪನ್ಯಾಸಕರು ಅರ್ಜಿಗೆ ಮೊದಲು ತಮ್ಮ ಸಂಸ್ಥೆ ಯಾವ ವರ್ಗಕ್ಕೆ ಸೇರಿದ್ದೆಂದು ಕಚೇರಿಯಲ್ಲಿ ಕೇಳಿ ಲಿಖಿತ ಉತ್ತರ ಪಡೆಯಲಿ. ಆರೋಗ್ಯ ಸಂಶೋಧನೆಯಾದರೆ ಆರೋಗ್ಯ ಸಚಿವಾಲಯದ ಪರಿಶೀಲನಾ ಸಮಿತಿಯ ಒಪ್ಪಿಗೆಯೂ ಬೇಕಾಗುತ್ತದೆ.

ಹಣ ಹೊರಹೋಗುವುದಕ್ಕೂ ಬಾಗಿಲಿದೆ. ತೆರಿಗೆ ವಿನಾಯಿತಿ ಪಡೆದ ಭಾರತದ ಟ್ರಸ್ಟ್ ತನ್ನ ಆದಾಯವನ್ನು ದೇಶದ ಹೊರಗೆ ಖರ್ಚು ಮಾಡಿದರೆ, ವಿಶೇಷ ಅನುಮತಿ ಇಲ್ಲದಿದ್ದಲ್ಲಿ ಆ ಮೊತ್ತಕ್ಕೆ ವಿನಾಯಿತಿ ಸಿಗುವುದಿಲ್ಲ. ಹಾಗಾಗಿ ಹೊರದೇಶದ ಪಾಲುದಾರರ ಖರ್ಚನ್ನು ನಮ್ಮ ದೇಣಿಗೆಯಿಂದ ಭರಿಸುವ ಮಾತನ್ನು ಯಾವ ಒಪ್ಪಂದದಲ್ಲೂ ಸೇರಿಸುವುದಿಲ್ಲ.

ಬರೆದಿಡುವ ಕರ್ತವ್ಯ

ಪವಿತ್ರ ಕುರ್‌ಆನಿನ ಅತಿ ದೀರ್ಘ ವಚನ ಯಾವುದು ಎಂದು ನಮ್ಮ ಮದ್ರಸದ ಮಕ್ಕಳನ್ನು ಕೇಳಿದರೆ ಥಟ್ಟನೆ ಹೇಳುತ್ತಾರೆ: ಸೂರಃ ಅಲ್ ಬಕರಃದ 282ನೇ ವಚನ. ಅದು ಹೇಳುವುದು ಅವಧಿ ಗೊತ್ತುಮಾಡಿದ ಸಾಲದ ವ್ಯವಹಾರವನ್ನು ಬರೆದಿಡುವ ಬಗ್ಗೆ, ನ್ಯಾಯವಾಗಿ ಬರೆಯುವವನ ಬಗ್ಗೆ, ಸಾಕ್ಷಿಗಳ ಬಗ್ಗೆ. ಮೊತ್ತ ಚಿಕ್ಕದೆಂದು ಬರೆಯಲು ಬೇಸರಪಡಬಾರದು ಎಂಬ ತಾಕೀತೂ ಅದರಲ್ಲಿದೆ. ಅನುದಾನ ಸಾಲವಲ್ಲ ನಿಜ. ಆದರೆ ನಂಬಿಕೆ ಇದ್ದಲ್ಲೇ ಬರಹ ಹೆಚ್ಚು ಬೇಕು ಎಂಬ ಆ ವಿವೇಕ ಎಲ್ಲ ವ್ಯವಹಾರಕ್ಕೂ ಸಲ್ಲುತ್ತದೆ.

ಪಾಲುದಾರರ ನಡುವಿನ ಒಪ್ಪಂದ ಒಂದೆರಡು ಪುಟವಾದರೆ ಸಾಕು. ಅದರಲ್ಲಿ ಇವು ಇರಲಿ: ಯಾರು ಯಾವ ಕೆಲಸ ಯಾವ ತಿಂಗಳಲ್ಲಿ ಮಾಡುತ್ತಾರೆ. ಯಾರ ಖಾತೆಗೆ ಎಷ್ಟು ಬರುತ್ತದೆ. ರಶೀದಿಗಳನ್ನು ಯಾರು, ಎಷ್ಟು ವರ್ಷ ಇಡುತ್ತಾರೆ. ಯೂರೋ ಅಥವಾ ಡಾಲರಿನ ದರ ಇಳಿದರೆ ಯಾವ ಖರ್ಚನ್ನು ಕಡಿತ ಮಾಡುತ್ತೇವೆ. ಸಂಗ್ರಹಿಸಿದ ಮಾಹಿತಿ ಯಾರದು, ಪ್ರಕಟಿಸುವಾಗ ಯಾರ ಹೆಸರು ಮೊದಲು. ಒಬ್ಬರು ನಡುವೆ ಬಿಟ್ಟುಹೋದರೆ ಉಳಿದ ಹಣ ಏನಾಗುತ್ತದೆ. ಈ ಕೊನೆಯ ಪ್ರಶ್ನೆಯನ್ನು ಕೇಳಲು ಸಂಕೋಚವಾಗುತ್ತದೆ. ನಿಕಾಹ್‌ಗೆ ಮೊದಲು ಮಹ್ರ್ ಎಷ್ಟೆಂದು ಬಾಯಿಬಿಟ್ಟು ಹೇಳಿ ಬರೆಯುವ ನಮಗೆ ಅಂಥ ಸಂಕೋಚ ಬೇಕಿಲ್ಲ.

ಅರ್ಜಿ ಬರೆಯುವವರಿಗೆ ಇನ್ನು ಎರಡು ಮಾತು. ಮೊದಲು ಕೆಲಸದ ಪಟ್ಟಿ ಬರೆಯಿರಿ, ಅದರ ಎದುರು ಖರ್ಚು ಬರೆಯಿರಿ. ಎದುರಿಗೆ ಕೆಲಸವಿಲ್ಲದ ಖರ್ಚನ್ನು ಹೊಡೆದು ಹಾಕಿ. ಬರೆದು ಮುಗಿದ ಮೇಲೆ ಆ ವಿಷಯ ಗೊತ್ತಿಲ್ಲದ ಮನೆಯವರೊಬ್ಬರಿಗೆ ಓದಿ ಹೇಳಿ. ಉಮ್ಮನಿಗೆ ಅರ್ಥವಾಗದ ಉದ್ದೇಶ ಅರ್ಜಿ ಓದುವವರಿಗೂ ಅರ್ಥವಾಗುವುದು ಕಷ್ಟ.

ನಮ್ಮ ತೀರ್ಮಾನ ಮತ್ತು ಸೂಚನೆ

ದಾನಿಗಳಿಗೆ ಸ್ಪಷ್ಟವಾಗಿ ತಿಳಿಸುತ್ತೇವೆ: ಝಕಾತ್‌ನ ಹಣಕ್ಕೆ ಹಕ್ಕುದಾರರಾದ ಎಂಟು ವರ್ಗಗಳನ್ನು ಸೂರಃ ಅತ್ತೌಬಾದ 60ನೇ ವಚನ ನಿಗದಿಪಡಿಸಿದೆ. ಅರ್ಜಿ ತಯಾರಿ, ಪ್ರಯಾಣ, ಸಭೆಗಳ ಖರ್ಚಿಗೆ ನಾವು ಝಕಾತ್‌ನ ಒಂದು ಪೈಸೆಯನ್ನೂ ಬಳಸುವುದಿಲ್ಲ. ಅದು ಇಂದಿನವರೆಗೆ ಹೋದಂತೆಯೇ ಬಡ ಮಕ್ಕಳ ಶುಲ್ಕಕ್ಕೆ ಹೋಗುತ್ತದೆ. ಸ್ಪಷ್ಟವಾಗಿ ಈ ಉದ್ದೇಶಕ್ಕೆಂದು ಸದಕಾ ಕೊಡುವವರ ಹಣವನ್ನು ಮಾತ್ರ ಬೇರೆ ಲೆಕ್ಕದಲ್ಲಿಟ್ಟು, ನಮ್ಮ ಹಳೆಯ ವಿದ್ಯಾರ್ಥಿಗಳ ಮೊದಲ ಹೆಜ್ಜೆಗೆ, ಅಂದರೆ ಊರಿನ ಸಮೀಕ್ಷೆ, ಸಣ್ಣ ಮಾಪಕ, ದಾಖಲೆಗಳ ಸಿದ್ಧತೆಯಂಥ ಕೆಲಸಕ್ಕೆ ಕೊಡುತ್ತೇವೆ. ಎಲ್ಲವೂ ಭಾರತದೊಳಗಿನ ಖರ್ಚು. ಲೆಕ್ಕವನ್ನು ಮುಂದಿನ ವರದಿಯಲ್ಲಿ ಪ್ರತ್ಯೇಕವಾಗಿ ಕಾಣುವಿರಿ.

ಈ ನೆರವು ಬಯಸುವ ಹಳೆಯ ವಿದ್ಯಾರ್ಥಿಗಳು ವಿದ್ಯಾರ್ಥಿವೇತನದ ನಮೂನೆಯ ಜೊತೆಗೇ ಒಂದು ಪುಟದ ಬರಹ ಕೊಡಲಿ. ಪಾಲುದಾರರು ಯಾರು, ಅವರೊಂದಿಗೆ ಇದುವರೆಗೆ ಏನು ಕೆಲಸ ಮಾಡಿದ್ದೀರಿ, ಊರಿನಲ್ಲಿ ಯಾರನ್ನು ಕೇಳಿದ್ದೀರಿ: ಈ ಮೂರಕ್ಕೆ ಉತ್ತರವಿದ್ದರೆ ಸಾಕು. ಇಂಗ್ಲಿಷ್ ಚೆನ್ನಾಗಿ ಬಾರದೆಂದು ಹಿಂಜರಿಯಬೇಡಿ, ಕನ್ನಡದಲ್ಲೇ ಬರೆಯಿರಿ. ತಿದ್ದಿ ಅನುವಾದಿಸಲು ನಮ್ಮಲ್ಲಿ ಸ್ವಯಂಸೇವಕರಿದ್ದಾರೆ.

ಹೆತ್ತವರಿಗೆ ಒಂದು ಮಾತು. ಮಗಳ ಅರ್ಜಿ ತಿರಸ್ಕೃತವಾಯಿತೆಂದರೆ ಮನೆಯಲ್ಲಿ ಅದನ್ನು ಸೋಲೆಂದು ಎಣಿಸಬೇಡಿ. ಬಾವಿಯ ಲೆಕ್ಕ ಬರೆದ ಹುಡುಗಿಯ ತಾಯಿ ನಮ್ಮ ಕಚೇರಿಗೆ ಬಂದಿದ್ದಾಗ ಹೀಗೆಂದರು: "ಹಣ ಸಿಗದಿದ್ದರೂ ಪರವಾಗಿಲ್ಲ. ನಮ್ಮ ಬಾವಿಯ ನೀರು ಯಾವ ವಾರ ಕೆಡುತ್ತದೆಂದು ಈಗ ಗೊತ್ತಾಯಿತು. ಅದರ ಮೊದಲೇ ತುಂಬಿಸಿಡುತ್ತೇವೆ."

ಆ ಅಣ್ಣತಮ್ಮಂದಿರ ವಿಷಯವನ್ನೂ ಪೂರ್ಣಗೊಳಿಸುತ್ತೇವೆ. ತಮ್ಮ ತಾನಿರುವ ದೇಶದಿಂದಲೇ ಎಫ್‌ಸಿಆರ್‌ಎ ನೋಂದಣಿ ಇರುವ ಬೇರೊಂದು ಸಂಸ್ಥೆಗೆ ಆ ಹಣವನ್ನು ಶಿಕ್ಷಣಕ್ಕೆಂದೇ ಕೊಟ್ಟಿದ್ದಾರೆ. ತಾಯಿಯ ಹೆಸರಿನ ಪುಣ್ಯ ಎಲ್ಲಿಗೂ ತಪ್ಪಿಹೋಗಿಲ್ಲ. ನಮ್ಮ ಪೆಟ್ಟಿಗೆಗೆ ಬಂದಿಲ್ಲ, ಅಷ್ಟೇ. ಅಲ್ಲಾಹನು ಇಬ್ಬರ ದಾನವನ್ನೂ ಸ್ವೀಕರಿಸಲಿ, ಕೊಟ್ಟವರ ಅಮಾನತ್ತನ್ನು ಕಾಯುವ ಶಕ್ತಿ ನಮಗೆ ಕೊಡಲಿ, ನಮ್ಮ ಮಕ್ಕಳ ವಿದ್ಯೆಯನ್ನು ಪ್ರಯೋಜನಕಾರಿಯಾಗಿಸಲಿ. ಆಮೀನ್.